ಪೋರ್ಟ್ ಲೂಯಿಯ ವಿಳಾಸ

2000ನೇ ಇಸವಿಯ ಆರಂಭದಲ್ಲಿ ಮುಂಬೈನ ಆದಾಯ ತೆರಿಗೆ ಅಧಿಕಾರಿಗಳು ಕೆಲವು ವಿದೇಶಿ ಹೂಡಿಕೆ ಸಂಸ್ಥೆಗಳಿಗೆ ನೋಟಿಸು ಕಳಿಸಿದರು. ಆ ಸಂಸ್ಥೆಗಳೆಲ್ಲ ಕಾಗದದ ಮೇಲೆ ಮಾರಿಷಸ್ ದೇಶದವು. ನಮ್ಮ ಷೇರುಪೇಟೆಯಲ್ಲಿ ಕೋಟಿಗಟ್ಟಲೆ ಹಣ ತೊಡಗಿಸಿ, ಲಾಭ ಮಾಡಿಕೊಂಡು, ಭಾರತಕ್ಕೂ ಮಾರಿಷಸ್‌ಗೂ ಇದ್ದ ಒಪ್ಪಂದವನ್ನು ಮುಂದೊಡ್ಡಿ ಇಲ್ಲಿ ತೆರಿಗೆ ಕಟ್ಟದೆ ಹೋಗುತ್ತಿದ್ದವು. ಅಧಿಕಾರಿಗಳು ಕೇಳಿದ್ದು ಇಷ್ಟೇ: ನಿಮ್ಮ ಕಂಪನಿಗೆ ಹಣ ಬಂದದ್ದು ಬೇರೆ ದೇಶಗಳಿಂದ. ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬ ತೀರ್ಮಾನವಾಗುವುದೂ ಬೇರೆ ದೇಶಗಳಲ್ಲಿ. ಮಾರಿಷಸ್‌ನಲ್ಲಿ ಇರುವುದು ನೋಂದಣಿ ಮಾತ್ರ. ಹೀಗಿರುವಾಗ ನಿಮ್ಮನ್ನು ಅಲ್ಲಿನ ನಿವಾಸಿ ಎಂದು ನಾವು ಯಾಕೆ ಒಪ್ಪಬೇಕು?

ಉತ್ತರ ಬರುವ ಮೊದಲೇ ಪೇಟೆ ಬೆದರಿತು. ವಿದೇಶಿ ಸಂಸ್ಥೆಗಳು ಷೇರು ಮಾರಿ ಹಣ ಹೊರತೆಗೆಯಲು ಶುರುಮಾಡಿದವು. ಏಪ್ರಿಲ್ 4ರಂದು ಆಗಿನ ಹಣಕಾಸು ಸಚಿವ ಯಶವಂತ ಸಿನ್ಹಾ ಹೂಡಿಕೆದಾರರಿಗೆ ಧೈರ್ಯ ಹೇಳುವ ಪ್ರಕಟಣೆ ಹೊರಡಿಸಿದರು. ಏಪ್ರಿಲ್ 13ರಂದು ಕೇಂದ್ರ ನೇರ ತೆರಿಗೆ ಮಂಡಳಿಯಿಂದ 789ನೇ ಸಂಖ್ಯೆಯ ಸುತ್ತೋಲೆ ಬಂತು. ಮಾರಿಷಸ್ ಸರ್ಕಾರ ಒಂದು ಕಂಪನಿಗೆ ನಿವಾಸಿ ಪ್ರಮಾಣಪತ್ರ ಕೊಟ್ಟರೆ ಸಾಕು, ಆ ಕಂಪನಿ ಅಲ್ಲಿಯದು ಎಂಬುದಕ್ಕೂ ಹಣದ ನಿಜವಾದ ಒಡೆತನ ಅದರದೇ ಎಂಬುದಕ್ಕೂ ಅದೇ ಪುರಾವೆ. ಷೇರು ಮಾರಿದ ಲಾಭಕ್ಕೂ ಇದೇ ನಿಯಮ. ನೋಟಿಸು ಕಳಿಸಿದ್ದ ಅಧಿಕಾರಿಗಳ ಕೈ ಅಲ್ಲಿಗೆ ಕಟ್ಟಿಹೋಯಿತು.

ದೇಶದೇಶಗಳು ತೆರಿಗೆ ಇಳಿಸಿ ಬಂಡವಾಳ ಸೆಳೆಯಲು ನಡೆಸುವ ಪೈಪೋಟಿಯ ಬಗ್ಗೆ ಓದುವಾಗ ಐರ್ಲೆಂಡ್, ಲಕ್ಸೆಂಬರ್ಗ್, ಕೇಮನ್ ದ್ವೀಪಗಳ ಹೆಸರು ಬರುತ್ತದೆ. ನಮಗೆ ಸಂಬಂಧವಿಲ್ಲದ ದೂರದ ಆಟ ಅನ್ನಿಸುತ್ತದೆ. ಆದರೆ ಆ ಆಟದ ಬಹು ದೊಡ್ಡ ಅಧ್ಯಾಯವೊಂದು ನಮ್ಮದೇ ಕಡತಗಳಲ್ಲಿದೆ. ಸುಮಾರು 12 ಲಕ್ಷ ಜನಸಂಖ್ಯೆಯ ಒಂದು ದ್ವೀಪದಿಂದ ಭಾರತಕ್ಕೆ, ಅಮೆರಿಕದಿಂದಲೂ ಜಪಾನಿನಿಂದಲೂ ಬಂದದ್ದಕ್ಕಿಂತ ಹೆಚ್ಚು ನೇರ ವಿದೇಶಿ ಬಂಡವಾಳ ಬಂದಿದೆ ಎಂದು ನಮ್ಮ ಸರ್ಕಾರದ ಅಂಕಿಅಂಶಗಳೇ ವರ್ಷವರ್ಷವೂ ಹೇಳುತ್ತಿದ್ದವು. 2000ದಿಂದ ಮುಂದಿನ ಒಂದೂವರೆ ದಶಕದಲ್ಲಿ ಬಂದ ಒಟ್ಟು ಬಂಡವಾಳದಲ್ಲಿ ಸುಮಾರು ಮೂರನೇ ಒಂದು ಭಾಗದ ಮೂಲ ಮಾರಿಷಸ್ ಎಂದು ದಾಖಲಾಗಿದೆ. ಅಷ್ಟು ಹಣ ಆ ದ್ವೀಪದಲ್ಲಿ ಹುಟ್ಟಿರಲಿಲ್ಲ ಎಂಬುದು ಅಂಕಿ ಬರೆದವರಿಗೂ ಗೊತ್ತಿತ್ತು, ಓದಿದವರಿಗೂ ಗೊತ್ತಿತ್ತು.

ಒಪ್ಪಂದಕ್ಕೆ ಸಹಿ ಬಿದ್ದದ್ದು 1982ರ ಆಗಸ್ಟ್ 24ರಂದು, ಮಾರಿಷಸ್‌ನ ರಾಜಧಾನಿ ಪೋರ್ಟ್ ಲೂಯಿಯಲ್ಲಿ. ಆಗ ಇದರಲ್ಲಿ ಯಾರ ಒಳಸಂಚೂ ಇರಲಿಲ್ಲ ಎಂದೇ ನನ್ನ ನಂಬಿಕೆ. 1834ರಿಂದ ಕಬ್ಬಿನ ತೋಟಗಳ ಕೂಲಿಗೆಂದು ಹಡಗು ಹತ್ತಿ ಹೋದ ಭಾರತೀಯರ ಮಕ್ಕಳು ಮೊಮ್ಮಕ್ಕಳೇ ಆ ದೇಶದಲ್ಲಿ ಬಹುಸಂಖ್ಯಾತರು. ಅವರು ಇಳಿದ ಆಪ್ರವಾಸಿ ಘಾಟ್ ಇವತ್ತು ವಿಶ್ವ ಪರಂಪರೆಯ ತಾಣ. 1968ರಲ್ಲಿ ಸ್ವಾತಂತ್ರ್ಯ ಪಡೆದ ಆ ದೇಶಕ್ಕೆ ಕಬ್ಬು ಬಿಟ್ಟರೆ ಹೇಳಿಕೊಳ್ಳುವಂಥ ಆಸ್ತಿ ಇರಲಿಲ್ಲ. ಅದಕ್ಕೂ ಮುಂಚೆ, 1961ರಲ್ಲಿ, ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಅಲ್ಲಿನ ಸ್ಥಿತಿ ಅಧ್ಯಯನ ಮಾಡಿ, ಜನಸಂಖ್ಯೆ ಏರುತ್ತಿರುವ ರಭಸ ನೋಡಿದರೆ ಈ ದ್ವೀಪದ ಭವಿಷ್ಯ ಕಷ್ಟದ್ದು ಎಂದಿದ್ದರು. ಅಂಥ ಒಂದು ಬಂಧು ದೇಶದೊಂದಿಗೆ, ಒಂದೇ ಆದಾಯಕ್ಕೆ ಎರಡೂ ಕಡೆ ತೆರಿಗೆ ಬೀಳದಿರಲಿ ಎಂಬ ಉದ್ದೇಶಕ್ಕೆ ಮಾಡಿಕೊಂಡ ಒಪ್ಪಂದ ಅದು. ಇಂಥವನ್ನು ಭಾರತ ಹಲವು ದೇಶಗಳೊಂದಿಗೆ ಮಾಡಿಕೊಂಡಿತ್ತು.

ಎಲ್ಲವೂ ನಿಂತದ್ದು ಅದರ 13ನೇ ವಿಧಿಯ ನಾಲ್ಕನೇ ಉಪವಿಧಿಯ ಮೇಲೆ. ಮಾರಿಷಸ್ ನಿವಾಸಿಯೊಬ್ಬರು ಭಾರತದ ಕಂಪನಿಯ ಷೇರು ಮಾರಿ ಲಾಭ ಮಾಡಿಕೊಂಡರೆ ಅದಕ್ಕೆ ತೆರಿಗೆ ಹಾಕುವ ಹಕ್ಕು ಮಾರಿಷಸ್‌ಗೆ ಮಾತ್ರ ಎಂದು ಅದು ಹೇಳಿತು. ಮಾರಿಷಸ್ ಕಾನೂನಿನಲ್ಲಿ ಬಂಡವಾಳ ಗಳಿಕೆಗೆ ತೆರಿಗೆಯೇ ಇರಲಿಲ್ಲ. ಅಂದರೆ ಹಕ್ಕು ಪಡೆದ ದೇಶ ತೆರಿಗೆ ಹಾಕುವುದಿಲ್ಲ, ಹಾಕಬಹುದಾಗಿದ್ದ ದೇಶ ಹಕ್ಕು ಬಿಟ್ಟುಕೊಟ್ಟಿದೆ. ಎರಡು ಸಲ ಬೀಳದಿರಲಿ ಎಂದು ಹೊರಟ ತೆರಿಗೆ ಒಂದು ಸಲವೂ ಬೀಳದ ಹಾಗಾಯಿತು.

1982ರಲ್ಲಿ ಇದರಿಂದ ನಮಗೆ ನಷ್ಟವೇನೂ ಆಗಲಿಲ್ಲ. ವಿದೇಶಿಯರು ನಮ್ಮ ಷೇರುಪೇಟೆಗೆ ಬಂದು ಕೊಳ್ಳುವ ಮಾರುವ ಮಾತೇ ಆಗ ಇರಲಿಲ್ಲ. 1973ರ ವಿದೇಶಿ ವಿನಿಮಯ ಕಾಯ್ದೆಯ ಬಿಗಿಗೆ ಕೋಕಾ ಕೋಲಾ, ಐಬಿಎಂ ಗಂಟುಮೂಟೆ ಕಟ್ಟಿ ಹೋಗಿ ಹೆಚ್ಚು ವರ್ಷ ಆಗಿರಲಿಲ್ಲ. ಒಪ್ಪಂದದ ಆ ಸಾಲು ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಮಲಗಿತ್ತು.

1991ರಲ್ಲಿ ಭಾರತದ ಬಾಗಿಲು ತೆರೆಯಿತು. 1992ರ ಸೆಪ್ಟೆಂಬರ್‌ನಲ್ಲಿ ವಿದೇಶಿ ಸಾಂಸ್ಥಿಕ ಹೂಡಿಕೆದಾರರಿಗೆ ಷೇರುಪೇಟೆಗೆ ಪ್ರವೇಶ ಸಿಕ್ಕಿತು. ಅದೇ ವರ್ಷ ಮಾರಿಷಸ್ ಕಡಲಾಚೆಯ ವ್ಯವಹಾರಗಳಿಗಾಗಿಯೇ ಒಂದು ಕಾನೂನು ಮಾಡಿತು. ಹೊರಗಿನವರು ಅಲ್ಲಿ ಕಂಪನಿ ನೋಂದಾಯಿಸಿ, ಹೊರಗಿನ ದೇಶಗಳಲ್ಲೇ ವ್ಯವಹಾರ ನಡೆಸಬಹುದಿತ್ತು. ತೆರಿಗೆ ಇರಲಿಲ್ಲ, ಅಥವಾ ಇದ್ದೂ ಇಲ್ಲದಷ್ಟು. ಎರಡು ಸರ್ಕಾರಗಳು ಒಂದೇ ವರ್ಷ ತೆಗೆದುಕೊಂಡ ಈ ಎರಡು ನಿರ್ಧಾರಗಳ ನಡುವೆ ಹಳೆಯ ಒಪ್ಪಂದದ ಆ ಸಾಲು ಎಚ್ಚೆತ್ತಿತು.

ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನ್ಯೂಯಾರ್ಕಿನ ಒಂದು ನಿಧಿ ಭಾರತದಲ್ಲಿ 100 ಕೋಟಿ ರೂಪಾಯಿಯ ಷೇರು ಕೊಂಡು ಎಂಟು ತಿಂಗಳಲ್ಲಿ 160 ಕೋಟಿಗೆ ಮಾರಿತು ಎಂದುಕೊಳ್ಳೋಣ. ನೇರವಾಗಿ ಬಂದಿದ್ದರೆ ಆಗಿನ ಕಾನೂನಿನ ಪ್ರಕಾರ ವಿದೇಶಿ ಸಂಸ್ಥೆಯ ಅಲ್ಪಾವಧಿ ಲಾಭದ ಮೇಲೆ ಶೇ 30ರಷ್ಟು ತೆರಿಗೆ. 60 ಕೋಟಿ ಲಾಭಕ್ಕೆ 18 ಕೋಟಿ. ಒಂದು ವರ್ಷ ದಾಟಿದ ಮೇಲೆ ಮಾರಿದರೆ ಶೇ 10, ಅಂದರೆ 6 ಕೋಟಿ. ಅದೇ ನಿಧಿ ಪೋರ್ಟ್ ಲೂಯಿಯಲ್ಲಿ ಒಂದು ಕಂಪನಿ ತೆರೆದು ಅದರ ಮೂಲಕ ಬಂದರೆ ಸೊನ್ನೆ.

ಕಂಪನಿ ತೆರೆಯುವುದಕ್ಕೆ ಕಟ್ಟಡ ಬೇಕಿರಲಿಲ್ಲ. ಅದಕ್ಕೆಂದೇ ಅಲ್ಲಿ ನಿರ್ವಹಣಾ ಸಂಸ್ಥೆಗಳಿದ್ದವು. ಒಂದೇ ಮಹಡಿಯಲ್ಲಿ ಕೂತು ನೂರಾರು ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ಅವುಗಳ ಕಸುಬು. ಕಂಪನಿಗೆ ಮಾರಿಷಸ್ ನಿವಾಸಿಗಳಾದ ಇಬ್ಬರು ನಿರ್ದೇಶಕರು ಇರಬೇಕು, ಮುಖ್ಯ ಬ್ಯಾಂಕ್ ಖಾತೆ ಅಲ್ಲಿರಬೇಕು, ಲೆಕ್ಕದ ಪುಸ್ತಕಗಳು ಅಲ್ಲಿರಬೇಕು, ಲೆಕ್ಕ ಪರಿಶೋಧನೆ ಅಲ್ಲಾಗಬೇಕು, ಆಡಳಿತ ಮಂಡಳಿಯ ಸಭೆಗಳಲ್ಲಿ ಆ ಇಬ್ಬರು ಭಾಗವಹಿಸಬೇಕಿತ್ತು. ನಿರ್ದೇಶಕರನ್ನೂ ನಿರ್ವಹಣಾ ಸಂಸ್ಥೆಯೇ ಒದಗಿಸುತ್ತಿತ್ತು. ಒಬ್ಬರೇ ಎಷ್ಟೋ ಕಂಪನಿಗಳ ನಿರ್ದೇಶಕರಾಗಿರುವುದು ಅಲ್ಲಿ ಸಾಮಾನ್ಯವಾಗಿತ್ತು. ಇಷ್ಟಾದರೆ ಮಾರಿಷಸ್ ತೆರಿಗೆ ಇಲಾಖೆ ಪ್ರಮಾಣಪತ್ರ ಕೊಡುತ್ತಿತ್ತು: ಈ ಕಂಪನಿ ನಮ್ಮ ನಿವಾಸಿ. ಆ ಒಂದು ಹಾಳೆಯನ್ನು ನಮ್ಮ ಇಲಾಖೆಯ ಮುಂದಿಟ್ಟರೆ ಮುಗಿಯುತ್ತಿತ್ತು. ಅದನ್ನು ಪಡೆಯುವ ವೆಚ್ಚ ಮೇಲಿನ 18 ಕೋಟಿಯ ಪಕ್ಕದಲ್ಲಿ ಲೆಕ್ಕಕ್ಕೇ ಬರುವಂಥದ್ದಲ್ಲ.

ಮಾರಿಷಸ್ಸನ್ನು ಇದಕ್ಕಾಗಿ ಬೈಯುವುದು ಸುಲಭ, ಆದರೆ ನನಗೆ ಮನಸ್ಸು ಬರುವುದಿಲ್ಲ. ಮೀಡ್ ಅವರ ಭವಿಷ್ಯವನ್ನು ಸುಳ್ಳು ಮಾಡಿದ ದೇಶ ಅದು. 1970ರಲ್ಲಿ ರಫ್ತು ವಲಯ ಮಾಡಿ ಬಟ್ಟೆ ಹೊಲಿಯಿತು, ಕಡಲತೀರ ತೋರಿಸಿ ಪ್ರವಾಸಿಗಳನ್ನು ಕರೆಯಿತು, ಆಮೇಲೆ ಹಣಕಾಸು ಸೇವೆಗೆ ಇಳಿಯಿತು. ಆ ಸೇವೆ ಇವತ್ತು ಅದರ ಆದಾಯದಲ್ಲಿ ಸುಮಾರು ಎಂಟನೇ ಒಂದು ಪಾಲು. ಅಲ್ಲಿನ ಲೆಕ್ಕಿಗರಿಗೂ ವಕೀಲರಿಗೂ ಬ್ಯಾಂಕ್ ನೌಕರರಿಗೂ ಅದೇ ಅನ್ನ. ದೊಡ್ಡ ದೇಶಗಳಿಗೆ ಮಾರುಕಟ್ಟೆ ಇದೆ, ನೆಲ ಇದೆ, ಖನಿಜ ಇದೆ. ಸಣ್ಣ ದೇಶದ ಕೈಯಲ್ಲಿ ಕಾನೂನು ಬರೆಯುವ ಅಧಿಕಾರ ಮಾತ್ರ ಉಳಿದಾಗ ಅದು ಅದನ್ನೇ ಬಂಡವಾಳ ಮಾಡಿಕೊಂಡಿತು. ಕೇಳಬೇಕಾದ ಪ್ರಶ್ನೆ ದೆಹಲಿಗೆ.

ಏಕೆಂದರೆ ದೆಹಲಿ ಕಣ್ಣುಮುಚ್ಚಿ ಕೂತಿರಲಿಲ್ಲ. 1994ರ ಮಾರ್ಚ್ 30ರಂದೇ 682ನೇ ಸುತ್ತೋಲೆಯಲ್ಲಿ, ಮಾರಿಷಸ್ ನಿವಾಸಿಗಳು ಇಲ್ಲಿ ಷೇರು ಮಾರಿ ಗಳಿಸಿದ ಲಾಭಕ್ಕೆ ಭಾರತದಲ್ಲಿ ತೆರಿಗೆ ಇಲ್ಲ ಎಂದು ನೇರ ತೆರಿಗೆ ಮಂಡಳಿ ಸ್ಪಷ್ಟಪಡಿಸಿತ್ತು. ಚೀನಾಕ್ಕೆ ಹೋಗುತ್ತಿದ್ದ ಬಂಡವಾಳವನ್ನು ಸ್ವಲ್ಪವಾದರೂ ಇತ್ತ ತಿರುಗಿಸಬೇಕು ಎಂಬ ಆತುರ ಆಗಿನ ಎಲ್ಲ ಸರ್ಕಾರಗಳಿಗೂ ಇತ್ತು, ಪಕ್ಷಭೇದ ಇರಲಿಲ್ಲ. ವಿದೇಶಿ ಹೂಡಿಕೆದಾರರಿಗೆ ತೆರಿಗೆ ಮಾಫಿ ಎಂದು ಬಜೆಟ್ ಭಾಷಣದಲ್ಲಿ ಘೋಷಿಸಿದ್ದರೆ ಸಂಸತ್ತಿನಲ್ಲಿ ದೊಡ್ಡ ಗದ್ದಲವೇ ಆಗುತ್ತಿತ್ತು. ಹಾಗೆ ಘೋಷಿಸುವ ಅಗತ್ಯವೇ ಬರಲಿಲ್ಲ. ಒಪ್ಪಂದವಿತ್ತು, ಅದರ ಮೇಲೆ ಸುತ್ತೋಲೆ ಬಂತು. ಆಗಿನ ಆದಾಯ ತೆರಿಗೆ ಕಾಯ್ದೆಯ 90ನೇ ಕಲಂ ಪ್ರಕಾರ ಇಂಥ ಒಪ್ಪಂದ ಮಾಡಿಕೊಂಡು ಅಧಿಸೂಚನೆ ಹೊರಡಿಸುವುದು ಸರ್ಕಾರದ ಕೆಲಸವಾಗಿತ್ತು, ಸದನದ ಅನುಮೋದನೆ ಬೇಕಿರಲಿಲ್ಲ. ಕಾಯ್ದೆ ಮತ್ತು ಒಪ್ಪಂದಗಳಲ್ಲಿ ತೆರಿಗೆದಾರನಿಗೆ ಯಾವುದು ಅನುಕೂಲವೋ ಅದು ಅನ್ವಯ ಎಂದೂ ಅದೇ ಕಲಂ ಹೇಳುತ್ತಿತ್ತು. ಸಾವಿರಾರು ಕೋಟಿ ರೂಪಾಯಿಯ ವಿನಾಯಿತಿ ಹೀಗೆ ಜನಪ್ರತಿನಿಧಿಗಳ ಎದುರು ಬರದೆಯೇ ಜಾರಿಗೆ ಬಂತು. ವಿನಾಯಿತಿ ಕೊಟ್ಟದ್ದಕ್ಕಿಂತ ಈ ಬಗೆಯಲ್ಲಿ ಕೊಟ್ಟದ್ದು ನನ್ನ ಮನಸ್ಸಿಗೆ ಹೆಚ್ಚು ಚುಚ್ಚುತ್ತದೆ.

2000ದ ಸುತ್ತೋಲೆಯನ್ನು ಒಂದು ಸಂಘಟನೆ ಮತ್ತು ಒಬ್ಬ ನಿವೃತ್ತ ಅಧಿಕಾರಿ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಸಂಘಟನೆಯ ಹೆಸರು ಆಜಾದಿ ಬಚಾವೊ ಆಂದೋಲನ. ಅಧಿಕಾರಿ ಶಿವಕಾಂತ್ ಝಾ, ಆದಾಯ ತೆರಿಗೆ ಇಲಾಖೆಯಲ್ಲೇ ಸೇವೆ ಸಲ್ಲಿಸಿದ್ದವರು. ತೆರಿಗೆ ಅಧಿಕಾರಿಗೆ ಕಾನೂನು ಕೊಟ್ಟಿರುವ ವಿಚಾರಣೆಯ ಅಧಿಕಾರವನ್ನು ಒಂದು ಸುತ್ತೋಲೆ ಕಿತ್ತುಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. 2002ರ ಮೇ 31ರಂದು ಹೈಕೋರ್ಟ್ ಅವರ ವಾದ ಒಪ್ಪಿ ಸುತ್ತೋಲೆಯನ್ನು ರದ್ದುಮಾಡಿತು. ಅದೇ ವರ್ಷದ ಕೊನೆಯಲ್ಲಿ, ಕೇತನ್ ಪಾರೇಖ್ ಷೇರು ಹಗರಣದ ತನಿಖೆ ನಡೆಸಿದ ಜಂಟಿ ಸಂಸದೀಯ ಸಮಿತಿಯೂ ಮಾರಿಷಸ್ ಮಾರ್ಗದ ಬಗ್ಗೆ ಕಳವಳ ವ್ಯಕ್ತಪಡಿಸಿತು. ಹಗರಣದಲ್ಲಿ ಬಳಕೆಯಾಗಿದ್ದ ಅನಿವಾಸಿಗಳ ಹೆಸರಿನ ಹಲವು ಹೂಡಿಕೆ ಕಂಪನಿಗಳ ವಿಳಾಸ ಅದೇ ದ್ವೀಪದ್ದಾಗಿತ್ತು.

ಸರ್ಕಾರ ಮೇಲ್ಮನವಿ ಸಲ್ಲಿಸಿತು. ತನಗೆ ಬರಬಹುದಾದ ತೆರಿಗೆಯನ್ನು ಕೇಳಬಾರದು ಎಂದು ತಾನೇ ವಾದಿಸಲು ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ನ್ಯಾಯಾಂಗದ ಚರಿತ್ರೆಯಲ್ಲೇ ಅಪರೂಪದ ಪ್ರಸಂಗ. 2003ರ ಅಕ್ಟೋಬರ್ 7ರಂದು ನ್ಯಾಯಮೂರ್ತಿಗಳಾದ ರೂಮಾ ಪಾಲ್ ಮತ್ತು ಬಿ.ಎನ್. ಶ್ರೀಕೃಷ್ಣ ಅವರ ಪೀಠ ಸರ್ಕಾರದ ಪರ ತೀರ್ಪು ಕೊಟ್ಟಿತು. ತೀರ್ಪು ಬರೆದವರು ಶ್ರೀಕೃಷ್ಣ. ಮುಂಬೈ ಗಲಭೆಗಳ ವಿಚಾರಣಾ ಆಯೋಗದ ವರದಿಯಿಂದ ದೇಶಕ್ಕೆಲ್ಲ ಗೊತ್ತಿದ್ದವರು. ತೆರಿಗೆ ಉಳಿಸಲೆಂದು ಮೂರನೇ ದೇಶದವರು ಈ ಒಪ್ಪಂದವನ್ನು ಬಳಸಿಕೊಳ್ಳುತ್ತಿರುವುದು ಅವರ ಗಮನಕ್ಕೆ ಬರದೆ ಇರಲಿಲ್ಲ. ಮೇಲ್ನೋಟಕ್ಕೆ ಕೆಟ್ಟದ್ದಾಗಿ ಕಾಣುವ ಕೆಲವು ಸಂಗತಿಗಳನ್ನು ಬೆಳೆಯುತ್ತಿರುವ ಆರ್ಥಿಕತೆ ದೂರದ ಅಭಿವೃದ್ಧಿಗಾಗಿ ಸಹಿಸಿಕೊಳ್ಳುತ್ತದೆ. ಕೊರತೆ ಹಣಕಾಸು ಅಂಥದ್ದು, ಇದೂ ಅಂಥದ್ದೇ ಎಂಬುದು ಅವರ ನಿಲುವು. ಒಪ್ಪಂದದಲ್ಲಿ ಮೂರನೆಯವರನ್ನು ತಡೆಯುವ ಮಾತಿಲ್ಲ, ಇಲ್ಲದ ಮಾತನ್ನು ನ್ಯಾಯಾಲಯ ಸೇರಿಸಲಾಗದು. ತಡೆಯಬೇಕೆಂದಿದ್ದರೆ ಅದನ್ನು ಸರ್ಕಾರ ಒಪ್ಪಂದ ತಿದ್ದಿ ಮಾಡಬೇಕು.

ಕಾನೂನಿನ ಮಟ್ಟಿಗೆ ಈ ತೀರ್ಪನ್ನು ಅಲ್ಲಗಳೆಯುವುದು ಕಷ್ಟ. ಆದರೆ ಸಹಿಸಿಕೊಂಡವರು ಯಾರು ಎಂಬ ಪ್ರಶ್ನೆ ಅದರಾಚೆಗೂ ಉಳಿಯುತ್ತದೆ. ದಾವಣಗೆರೆಯ ಕಾಲೇಜು ಉಪನ್ಯಾಸಕರೊಬ್ಬರ ತೆರಿಗೆ ಅವರ ಕೈಗೆ ಸಂಬಳ ಬರುವ ಮೊದಲೇ ಕಡಿತವಾಗಿರುತ್ತದೆ. ತಾನು ಯಾವ ದೇಶದ ನಿವಾಸಿ ಎಂದು ಆರಿಸಿಕೊಳ್ಳುವ ಅವಕಾಶ ಅವರಿಗಿಲ್ಲ. ದುಡಿಮೆ ಇದ್ದಲ್ಲೇ ಇರುತ್ತದೆ, ಬಂಡವಾಳಕ್ಕೆ ರೆಕ್ಕೆ ಇದೆ. ಜಾಗತೀಕರಣದ ತೆರಿಗೆ ಪೈಪೋಟಿ ಎಲ್ಲೆಡೆ ಈ ವ್ಯತ್ಯಾಸದ ಮೇಲೇ ನಡೆದದ್ದು. 2006-07ರಿಂದ ಬಜೆಟ್ ದಾಖಲೆಗಳ ಜೊತೆ, ಯಾವ ವಿನಾಯಿತಿಯಿಂದ ಎಷ್ಟು ತೆರಿಗೆ ಕೈತಪ್ಪಿತು ಎಂಬ ಪಟ್ಟಿಯನ್ನು ಸರ್ಕಾರ ಕೊಡುತ್ತ ಬಂದಿದೆ. ನಾವು ವಿಮಾ ಕಂತು ಕಟ್ಟಿ, ಭವಿಷ್ಯ ನಿಧಿಗೆ ಹಾಕಿ ಉಳಿಸಿದ ತೆರಿಗೆಯೂ ಅದರಲ್ಲಿ ಬರುತ್ತದೆ. ಒಪ್ಪಂದಗಳ ಮೂಲಕ ಬಿಟ್ಟುಹೋದ ತೆರಿಗೆಗೆ ಆ ಪಟ್ಟಿಯಲ್ಲಿ ಸಾಲಿಲ್ಲ.

2004ರಲ್ಲಿ ಹಣಕಾಸು ಸಚಿವರಾಗಿದ್ದ ಪಿ. ಚಿದಂಬರಂ ಷೇರು ವಹಿವಾಟು ತೆರಿಗೆ ತಂದು, ಪೇಟೆಯಲ್ಲಿ ನೋಂದಾಯಿತ ಷೇರುಗಳ ದೀರ್ಘಾವಧಿ ಲಾಭಕ್ಕೆ ಎಲ್ಲರಿಗೂ ತೆರಿಗೆ ತೆಗೆದುಹಾಕಿದರು. ಆ ಮಟ್ಟಿಗೆ ಮಾರಿಷಸ್ ಮಾರ್ಗದ ಅನುಕೂಲ ಕಡಿಮೆಯಾಯಿತು. ಅಲ್ಪಾವಧಿ ಲಾಭಕ್ಕೂ, ಪೇಟೆಗೆ ಬಾರದ ಖಾಸಗಿ ಕಂಪನಿಗಳ ಷೇರಿಗೂ ಅದು ಹಾಗೇ ಉಳಿಯಿತು. 2005ರಲ್ಲಿ ಸಿಂಗಪುರಕ್ಕೂ ಇಂಥದ್ದೇ ಸೌಲಭ್ಯ ಸಿಕ್ಕಿತು. ಮಾರಿಷಸ್‌ಗೆ ಕೊಟ್ಟದ್ದು ನಮಗೂ ಬೇಕು ಎಂಬುದು ಅವರ ಪಟ್ಟು. ಒಂದು ದೇಶಕ್ಕೆ ತೆರೆದ ಬಾಗಿಲಿನ ಮುಂದೆ ಇನ್ನೊಂದು ದೇಶ ಬಂದು ನಿಲ್ಲುವುದು ಈ ಪೈಪೋಟಿಯ ಜಾಯಮಾನ.

ಆಮೇಲೆ ವೊಡಾಫೋನ್ ಪ್ರಕರಣ. ಪುಟ್ಟ ನಾಯಿಯೊಂದು ಹುಡುಗನ ಹಿಂದೆ ಹಿಂದೆ ಹೋಗುವ ಹಚ್ ಜಾಹೀರಾತು ನೆನಪಿರುವವರಿಗೆ ಆ ಕಂಪನಿ ಕೈಬದಲಾದದ್ದೂ ನೆನಪಿರುತ್ತದೆ. 2007ರ ಫೆಬ್ರುವರಿಯಲ್ಲಿ ಸುಮಾರು 1,100 ಕೋಟಿ ಡಾಲರಿಗೆ ಮಾರಾಟವಾದದ್ದು ಕಾಗದದ ಮೇಲೆ ಒಂದೇ ಒಂದು ಷೇರು. ಕೇಮನ್ ದ್ವೀಪದ ಕಂಪನಿಯೊಂದರ ಷೇರು ಅದು. ಕೊಂಡದ್ದು ವೊಡಾಫೋನ್‌ನ ನೆದರ್ಲೆಂಡ್ಸ್ ಕಂಪನಿ. ಆ ಒಂದು ಷೇರಿನ ಕೆಳಗೆ, ಹಲವು ಮಾರಿಷಸ್ ಕಂಪನಿಗಳ ಸರಪಳಿಯ ಕೊನೆಯಲ್ಲಿ, ಹಚ್ ಸೇವೆ ನಡೆಸುತ್ತಿದ್ದ ಹಚಿಸನ್ ಎಸ್ಸಾರ್‌ನ ಶೇ 67ರಷ್ಟು ಹಿತಾಸಕ್ತಿ ಇತ್ತು: ಗೋಪುರಗಳು, ಪರವಾನಗಿಗಳು, ಕೋಟ್ಯಂತರ ಭಾರತೀಯ ಗ್ರಾಹಕರು. ಇಲಾಖೆ ಸುಮಾರು 11,000 ಕೋಟಿ ರೂಪಾಯಿ ತೆರಿಗೆ ಕೇಳಿತು. ಬಾಂಬೆ ಹೈಕೋರ್ಟ್ ಇಲಾಖೆಯ ಪರ ನಿಂತಿತು. 2012ರ ಜನವರಿ 20ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರ ಪೀಠ ಅದನ್ನು ತಳ್ಳಿಹಾಕಿ, ವೊಡಾಫೋನ್ ಠೇವಣಿ ಇಟ್ಟಿದ್ದ 2,500 ಕೋಟಿಯನ್ನು ಶೇ 4ರ ಬಡ್ಡಿ ಸಮೇತ ಹಿಂದಿರುಗಿಸಲು ಹೇಳಿತು.

ಎರಡೇ ತಿಂಗಳಲ್ಲಿ ಆಗಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿ ಬಜೆಟ್‌ನಲ್ಲಿ ಕಾನೂನನ್ನೇ ಬದಲಿಸಿದರು, ಅದೂ 1962ರಿಂದ ಪೂರ್ವಾನ್ವಯವಾಗುವಂತೆ. ಹಿಂದೆ ಹಾಕದೆ ಬಿಟ್ಟ ತೆರಿಗೆಯನ್ನು ಐವತ್ತು ವರ್ಷ ಹಿಂದಕ್ಕೆ ಹೋಗಿ ಹಾಕುವುದು ನ್ಯಾಯವಲ್ಲ. ಕಾನೂನು ತಿದ್ದುವ ಧೈರ್ಯ 1994ರಲ್ಲೋ 2000ದಲ್ಲೋ ಬರಬೇಕಿತ್ತು. ಫಲ ಕಹಿಯಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಹೇಗ್‌ನ ಮಧ್ಯಸ್ಥಿಕೆ ಮಂಡಳಿ ವೊಡಾಫೋನ್ ಪರ ತೀರ್ಪು ಕೊಟ್ಟಿತು, ಡಿಸೆಂಬರ್‌ನಲ್ಲಿ, ಇದೇ ಪೂರ್ವಾನ್ವಯ ತೆರಿಗೆ ಬಿದ್ದಿದ್ದ ಕೇರ್ನ್ ಕಂಪನಿಗೆ 120 ಕೋಟಿ ಡಾಲರ್ ಕೊಡುವಂತೆ ಇನ್ನೊಂದು ಮಂಡಳಿ ಹೇಳಿತು. ಪ್ಯಾರಿಸ್‌ನಲ್ಲಿ ಭಾರತ ಸರ್ಕಾರದ ಆಸ್ತಿಗಳ ಮೇಲೆ ಕೇರ್ನ್ ಜಪ್ತಿ ಆದೇಶ ತರುವವರೆಗೂ ಮಾತು ಬೆಳೆಯಿತು. 2021ರ ಆಗಸ್ಟ್‌ನಲ್ಲಿ ಸಂಸತ್ತು ಪೂರ್ವಾನ್ವಯ ತೆರಿಗೆಯನ್ನು ಹಿಂತೆಗೆದುಕೊಂಡಿತು.

ಒಪ್ಪಂದವನ್ನು ತಿದ್ದಲು ಮಾತುಕತೆ 2006ರಿಂದಲೇ ನಡೆದಿತ್ತು, ಆದರೆ ಮುಂದೆ ಸಾಗುತ್ತಿರಲಿಲ್ಲ. ಮಾರಿಷಸ್‌ಗೆ ಅದು ಹೊಟ್ಟೆಪಾಡು. ಭಾರತಕ್ಕೆ ಹಿಂದೂ ಮಹಾಸಾಗರದಲ್ಲಿ ಆ ದ್ವೀಪದ ಸ್ನೇಹ ಬೇಕು. ಅದಕ್ಕೆ ಸೇರಿದ ಅಗಲೇಗಾದಲ್ಲಿ ಭಾರತ ಕಟ್ಟಿಕೊಟ್ಟ ವಿಮಾನ ಓಡುದಾರಿ ಮತ್ತು ಜೆಟ್ಟಿಯನ್ನು ನೋಡಿದರೆ ಇದು ತೆರಿಗೆ ಇಲಾಖೆಯೊಂದರ ಕೈಯಲ್ಲಿದ್ದ ವಿಷಯವಲ್ಲ ಎಂದು ಗೊತ್ತಾಗುತ್ತದೆ. ಕೊನೆಗೆ 2016ರ ಮೇ 10ರಂದು ಪೋರ್ಟ್ ಲೂಯಿಯಲ್ಲೇ ತಿದ್ದುಪಡಿಗೆ ಸಹಿ ಬಿತ್ತು. 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳನ್ನು ಮಾರಿದರೆ ಭಾರತದಲ್ಲಿ ತೆರಿಗೆ. ಮೊದಲ ಎರಡು ವರ್ಷ ಅರ್ಧ ದರ, ಆಮೇಲೆ ಪೂರ್ತಿ. ಅದಕ್ಕೂ ಮೊದಲು ಕೊಂಡವುಗಳಿಗೆ ಹಳೆಯ ವಿನಾಯಿತಿ. 2016ರ ಕೊನೆಯೊಳಗೆ ಸೈಪ್ರಸ್ ಮತ್ತು ಸಿಂಗಪುರದ ಒಪ್ಪಂದಗಳೂ ಬದಲಾದವು. ಸಹಿಯಿಂದ ತಿದ್ದುಪಡಿಯವರೆಗೆ ಸುಮಾರು ಮೂವತ್ತನಾಲ್ಕು ವರ್ಷ ಹಿಡಿದಿತ್ತು.

ಆ ಬಳಿಕ ಭಾರತವೇ ಪೈಪೋಟಿಗೆ ನೇರವಾಗಿ ಇಳಿಯಿತು. 2019ರ ಸೆಪ್ಟೆಂಬರ್ 20ರಂದು ಗೋವಾದಲ್ಲಿ ಜಿಎಸ್‌ಟಿ ಮಂಡಳಿ ಸಭೆಗೆ ಹೋಗಿದ್ದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ, ಹೊಸ ಕಾರ್ಖಾನೆಗಳಿಗೆ ಶೇ 15ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಬಿಟ್ಟುಕೊಡಬೇಕಾದೀತು ಎಂದು ಅಂದೇ ಹೇಳಿದರು. ಇದು ಸರಿಯೋ ತಪ್ಪೋ ಎಂಬ ವಾದ ಬೇರೆ. ಮೊತ್ತ ಹೇಳಿ, ಸುಗ್ರೀವಾಜ್ಞೆ ತಂದು, ಆಮೇಲೆ ಸದನದಲ್ಲಿ ಚರ್ಚಿಸಿ ಕಾನೂನು ಮಾಡಿದ ಇಳಿಕೆ ಅದು. ಒಪ್ಪಿದವರು ಒಪ್ಪಿದರು, ಬೈದವರು ಬೈದರು. ಎರಡು ವರ್ಷದ ನಂತರ, 2021ರ ಅಕ್ಟೋಬರ್ 8ರಂದು, ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ಎಲ್ಲೇ ಇರಲಿ ಕನಿಷ್ಠ ಶೇ 15 ತೆರಿಗೆ ಕಟ್ಟುವಂತೆ ಮಾಡಲು 136 ದೇಶಗಳು ಒಪ್ಪಿದವು. ಭಾರತವೂ ಒಪ್ಪಿತು, ಮಾರಿಷಸ್ ಕೂಡ. ಅತ್ತ ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಾವೇ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ ಕಟ್ಟಿ, ಅಲ್ಲಿಗೆ ಬರುವ ನಿಧಿಗಳಿಗೆ ವರ್ಷಗಟ್ಟಲೆ ತೆರಿಗೆ ರಜೆ ಕೊಟ್ಟಿದ್ದೇವೆ. ಮಾರಿಷಸ್, ಸಿಂಗಪುರಗಳಲ್ಲಿರುವ ನಿಧಿಗಳು ತೆರಿಗೆ ತಗಲದೆ ಅಲ್ಲಿಗೆ ಸ್ಥಳಾಂತರವಾಗಲು 2021ರ ಬಜೆಟ್ ದಾರಿ ಮಾಡಿಕೊಟ್ಟಿತು. ಮಾರಿಷಸ್ ಮಾಡಿದ್ದನ್ನೇ ಈಗ ನಾವೂ ಮಾಡುತ್ತಿದ್ದೇವೆ, ನಮ್ಮದೇ ನೆಲದಲ್ಲಿ.

ಹಳೆಯ ವಿನಾಯಿತಿಯ ಕೊನೆಯ ದೊಡ್ಡ ಜಗಳ ಬೆಂಗಳೂರಿನ ಕಂಪನಿಯೊಂದರ ಸುತ್ತ ನಡೆಯಿತು. 2007ರಲ್ಲಿ ಕೋರಮಂಗಲದಲ್ಲಿ ಪುಸ್ತಕ ಮಾರಾಟದಿಂದ ಶುರುವಾದ ಫ್ಲಿಪ್‌ಕಾರ್ಟ್, ವಿದೇಶಿ ಬಂಡವಾಳ ಬರತೊಡಗಿದಾಗ ತನ್ನ ಮೂಲ ಕಂಪನಿಯನ್ನು ಸಿಂಗಪುರದಲ್ಲಿ ಇಟ್ಟುಕೊಂಡಿತು. ಅಮೆರಿಕದ ಹೂಡಿಕೆ ಸಂಸ್ಥೆ ಟೈಗರ್ ಗ್ಲೋಬಲ್ 2011ರಿಂದ 2015ರ ನಡುವೆ ಅದರ ಷೇರು ಕೊಂಡದ್ದು ತನ್ನ ಮಾರಿಷಸ್ ಕಂಪನಿಗಳ ಮೂಲಕ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರಿಗೆ ಶೇ 77ರಷ್ಟು ಪಾಲು ಪಡೆದಾಗ ಟೈಗರ್ ಗ್ಲೋಬಲ್ ಸುಮಾರು 160 ಕೋಟಿ ಡಾಲರಿನ ಷೇರು ಮಾರಿತು. ಕೊಂಡದ್ದು ಲಕ್ಸೆಂಬರ್ಗ್‌ನ ಕಂಪನಿ. ಸರಕು ನಮ್ಮ ಗೋದಾಮುಗಳಲ್ಲಿ, ಕೊಳ್ಳುವವರು ನಮ್ಮ ಊರುಗಳಲ್ಲಿ, ಮೌಲ್ಯ ಬೆಳೆದದ್ದು ಬೆಂಗಳೂರಿನ ಹುಡುಗ ಹುಡುಗಿಯರ ಹಗಲಿರುಳ ದುಡಿಮೆಯಲ್ಲಿ. ಮಾರಾಟದ ಕಾಗದದಲ್ಲಿ ಮಾತ್ರ ಮಾರಿಷಸ್, ಸಿಂಗಪುರ, ಲಕ್ಸೆಂಬರ್ಗ್.

ತಮ್ಮ ಬಳಿ ನಿವಾಸಿ ಪ್ರಮಾಣಪತ್ರವಿದೆ, ಷೇರು ಕೊಂಡದ್ದು 2017ಕ್ಕೂ ಮೊದಲು, ಆದ್ದರಿಂದ ಇಲ್ಲಿ ತೆರಿಗೆ ಇಲ್ಲ ಎಂಬುದು ಟೈಗರ್ ಗ್ಲೋಬಲ್ ವಾದ. ನಿರ್ಧಾರ ಮಾಡಿದ ತಲೆ ಮಾರಿಷಸ್‌ನಲ್ಲಿರಲಿಲ್ಲ, ಅಮೆರಿಕದಲ್ಲಿತ್ತು ಎಂದಿತು ಇಲಾಖೆ, ಇಪ್ಪತ್ತು ವರ್ಷದ ಹಿಂದಿನ ನೋಟಿಸುಗಳ ಮಾತಿನಲ್ಲೇ. 2020ರಲ್ಲಿ ಮುಂಗಡ ತೀರ್ಪಿನ ಪ್ರಾಧಿಕಾರ ಇಲಾಖೆಯ ವಾದ ಒಪ್ಪಿತು, 2024ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಹೂಡಿಕೆದಾರರ ಕಡೆ ವಾಲಿತು, 2026ರ ಜನವರಿ 15ರಂದು ಸುಪ್ರೀಂ ಕೋರ್ಟ್ ಇಲಾಖೆಯ ಪರ ತೀರ್ಪು ಕೊಟ್ಟಿತು. ಪ್ರಮಾಣಪತ್ರವೊಂದೇ ಸಾಲದು, ಅದರ ಹಿಂದೆ ಏನಿದೆ ಎಂದು ನೋಡುವ ಅಧಿಕಾರ ಇಲಾಖೆಗಿದೆ ಎಂಬುದು ತೀರ್ಪಿನ ತಿರುಳು.

ಅಷ್ಟು ಹೊತ್ತಿಗೆ ಬೆಂಗಳೂರಿನ ಕಂಪನಿಗಳು ಬೇರೆ ಲೆಕ್ಕ ಹಾಕತೊಡಗಿದ್ದವು. ಭಾರತದ ಷೇರುಪೇಟೆಯಲ್ಲಿ ಪಟ್ಟಿಯಾದರೆ ಹೆಚ್ಚು ಬೆಲೆ ಸಿಗುತ್ತದೆ, ಅದಕ್ಕೆ ಕಂಪನಿ ಭಾರತದ್ದೇ ಆಗಿರಬೇಕು. ಫ್ಲಿಪ್‌ಕಾರ್ಟ್ ಬಳಗದಲ್ಲೇ ಇದ್ದ ಫೋನ್‌ಪೇ 2022ರಲ್ಲಿ ಸಿಂಗಪುರದಿಂದ ಭಾರತಕ್ಕೆ ಮರಳಿತು. ಹಾಗೆ ಮರಳುವುದಕ್ಕಾಗಿ ಅದರ ಹೂಡಿಕೆದಾರರು ಭಾರತದ ಖಜಾನೆಗೆ ಸುಮಾರು 8,000 ಕೋಟಿ ರೂಪಾಯಿ ತೆರಿಗೆ ಕಟ್ಟಿದರು. 2025ರಲ್ಲಿ ಫ್ಲಿಪ್‌ಕಾರ್ಟ್ ಕೂಡ ಅದೇ ದಾರಿ ಹಿಡಿಯುವುದಾಗಿ ಹೇಳಿತು.